ಬದುವಿನ ಈಚೆ ಕಡೆ

ಮಾಳಮಡ್ಡಿ, ಧಾರವಾಡ



“ಅಜ್ಜಾ, ಸಮೀಕರಣಕ್ಕ ಒಂದ ಉತ್ತರ ಬರ್ತದ. ಈ ಅಸಮತೆಗೆ ಉತ್ತರನ ಇಲ್ಲ, ಬರೇ ಗೆರಿ ಎಳದು ಬಣ್ಣ ತುಂಬೂದು” ಅಂತ ನಿನ್ನೆ ಫೋನಿನಲ್ಲಿ ಬೇಸರಪಟ್ಟೆಯಲ್ಲ, ಅದು ಮನಸ್ಸಿನಲ್ಲೇ ಉಳಿಯಿತು. ಉತ್ತರ ಇದೆಯವ್ವಾ, ಹೊಲದಷ್ಟು ದೊಡ್ಡದಿದೆ.

ನಮ್ಮ ಎರಿ ಹೊಲ 4 ಎಕರೆ. ಹತ್ತಿ ‘ಎಕ್ಸ್’ ಎಕರೆ, ಹೆಸರು ‘ವೈ’ ಎಕರೆ ಅನ್ನು. ಪೂರ್ತಿ ಬಿತ್ತಲೇಬೇಕೆಂಬ ಕಟ್ಟಳೆಯಿಲ್ಲ, ಒಂದಿಷ್ಟು ಬೀಳು ಬಿಡಬಹುದು. ಆದ್ದರಿಂದ ಎಕ್ಸ್ + ವೈ ≤ 4. ಮೊದಲು ಸಮ ಅಂತಲೇ ಹಿಡಿದು, ಅಡ್ಡ ಅಕ್ಷದ 4ನ್ನೂ ಲಂಬ ಅಕ್ಷದ 4ನ್ನೂ ಕೂಡಿಸು. ಆ ಗೆರೆಯೇ ಬದು. ನಮ್ಮದು ಯಾವ ಕಡೆ? ಮೂಲಬಿಂದುವನ್ನು ಕೇಳು: 0 + 0 ≤ 4, ನಿಜ. ಹಾಗಾದರೆ ಮೂಲಬಿಂದು ಇರುವ ಕಡೆಯೇ ನಮ್ಮದು. ಗೆರೆ ಮೂಲಬಿಂದುವನ್ನೇ ಹಾಯ್ದರೆ ಬೇರೊಂದು ಬಿಂದುವನ್ನು ಕೇಳಬೇಕು. ≤ ಇದ್ದರೆ ಬದುವೂ ನಮ್ಮದು, ಗೆರೆ ಗಟ್ಟಿ. ಬರೇ < ಇದ್ದರೆ ಬದು ನಮ್ಮದಲ್ಲ, ತುಂಡು ಗೆರೆ.

ನನ್ನ ಅಪ್ಪ ಬಿತ್ತನೆಗೆ ಮೊದಲು ಕಟ್ಟೆಯ ಮೇಲೆ ಕೂತು, “ಹೊಲ ಸಾಕು, ಕೈ ಸಾಲದು” ಅನ್ನುತ್ತಿದ್ದ. ಎರಡನೆಯ ಗೆರೆ ಆ ಕೈಯದು. ಲೆಕ್ಕಕ್ಕೆ ಹೀಗೆ ಹಿಡಿ: ಹತ್ತಿಗೆ ಎಕರೆಗೆ 15 ಸಾವಿರ ಖರ್ಚು, ಹೆಸರಿಗೆ 5 ಸಾವಿರ, ಕೈಯಲ್ಲಿರುವುದು 30 ಸಾವಿರ. ಐದರಿಂದ ಭಾಗಿಸಿದರೆ 3ಎಕ್ಸ್ + ವೈ ≤ 6. ಎಕರೆ ಋಣವಾಗದು, ಅದಕ್ಕೇ ಎಕ್ಸ್, ವೈ ಎರಡೂ ಸೊನ್ನೆಗೆ ಕಡಿಮೆಯಿಲ್ಲ. ಎರಡು ಬಣ್ಣಗಳೂ ಬಿದ್ದ ಚತುರ್ಭುಜ ನೋಡು, ಅಪ್ಪನ ಸಂಸಾರ ಅದರೊಳಗೇ ನಡೆಯಿತು. ಎರಡೆರಡು ಎಕರೆ ಬಿತ್ತೋಣವೆಂದರೆ ಹೊಲಕ್ಕೆ ಸರಿ, ದುಡ್ಡು 40 ಸಾವಿರ ಬೇಡುತ್ತದೆ. ಹತ್ತಿ 1, ಹೆಸರು 2 ಎಂದರೆ ಒಂದೆಕರೆ ಬೀಳೂ ಉಂಟು, 5 ಸಾವಿರ ಗಂಟೂ ಉಂಟು.

ಎಕರೆಗೆ ಹತ್ತಿ 20 ಸಾವಿರ, ಹೆಸರು 10 ಸಾವಿರ ಲಾಭ ಕೊಟ್ಟರೆ? ಮೂಲೆಗಳನ್ನು ಮಾತ್ರ ನೋಡಿದರೆ ಸಾಕು. ಬರೇ ಹತ್ತಿ 2 ಎಕರೆಗೆ 40 ಸಾವಿರ, ಬರೇ ಹೆಸರು 4 ಎಕರೆಗೂ 40 ಸಾವಿರ. ಗೆರೆಗಳೆರಡೂ ಕೂಡುವ ಮೂಲೆಯಲ್ಲಿ, ಹತ್ತಿ 1, ಹೆಸರು 3, ಅಲ್ಲಿ 50 ಸಾವಿರ! ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ಕಂಡುಕೊಂಡ ಸಿಂಪ್ಲೆಕ್ಸ್ ವಿಧಾನ ಹೀಗೆಯೇ ಮೂಲೆಯಿಂದ ಮೂಲೆಗೆ ನಡೆಯುತ್ತದೆ. ಪಿಯು ಎರಡನೇ ವರ್ಷದ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಮತ್ತೆ ಈ ಹೊಲಕ್ಕೇ ಬರುತ್ತೀ.

ಋಣಸಂಖ್ಯೆಯಿಂದ ಗುಣಿಸಿದಾಗ ಚಿಹ್ನೆ ತಿರುಗಿಸುವುದನ್ನು ಮರೆತು ಅಂಕ ಕಳಕೊಂಡೆಯಂತೆ. ಕೈಯಲ್ಲಿ 3 ಸಾವಿರ ಇದ್ದವನಿಗಿಂತ 5 ಸಾವಿರ ಇದ್ದವನು ಮೇಲು. ಅಷ್ಟೇ ಸಾಲವಾದರೆ? 3 ಸಾವಿರದವನೇ ಮೇಲು. ಅದಕ್ಕೇ 3 < 5 ಇದ್ದದ್ದು −3 > −5 ಆಗುತ್ತದೆ. ಸಾಲ ಕಂಡ ಮನೆಯವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಿಲ್ಲ.

ಭಾನುವಾರ ಚಿಗರಿ ಬಸ್ಸು ಹತ್ತಿ ಬಾ. ಗ್ರಾಫ್ ಹಾಳೆ, ಎರಡು ಬಣ್ಣದ ಪೆನ್ಸಿಲ್ ತಾ. ಹಿಂಗಾರಿಗೆ ಕಡಲೆ ಎಷ್ಟು, ಬಿಳಿಜೋಳ ಎಷ್ಟು ಎಂದು ಇನ್ನೂ ಗೊತ್ತು ಮಾಡಿಲ್ಲ. ಖರ್ಚಿನ ಅಂಕಿ ನಾನು ಹೇಳುತ್ತೇನೆ, ಗೆರೆ ನೀನು ಎಳೆ.

ನಿನ್ನ ಅಜ್ಜ