ತಾವರೆಬೀಜ: ಒಗರಿನ ಮೇಲೆ ಒಗರು ಬೀಳದಂತೆ

ಶಿವಮೊಗ್ಗದ ಗೋಪಾಳದ ನಮ್ಮ ಬೀದಿಯಲ್ಲಿ ಅರುವತ್ತು ದಾಟಿದವರ ಮನೆಗಳನ್ನು ಹೊಕ್ಕು ನೋಡಿದರೆ, ಊಟದ ಮೇಜಿನ ಮೂಲೆಯಲ್ಲಿ ರಕ್ತದೊತ್ತಡದ ಮಾತ್ರೆಯ ಡಬ್ಬಿಯೂ, ಅದರ ಮಗ್ಗುಲಲ್ಲೇ ಮಕ್ಕಳು ತಂದುಕೊಟ್ಟ ತಾವರೆಬೀಜದ ಪೊಟ್ಟಣವೂ ಒಂದಕ್ಕೊಂದು ಒತ್ತಿಕೊಂಡು ಕುಳಿತಿರುವುದು ಈಗ ಸಾಮಾನ್ಯವಾದ ನೋಟ. ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದಾರೆ. ಬೀಜವನ್ನು ಯಾರೂ ಬರೆದುಕೊಟ್ಟಿಲ್ಲವಾದುದರಿಂದ ಅದರ ಸುದ್ದಿಯನ್ನು ವೈದ್ಯರ ಕಿವಿಗೆ ಹಾಕಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಆ ಮೌನವೇ ಈ ಬರಹಕ್ಕೆ ಕಾರಣ.

ಮೊದಲು ಮಾಡತಕ್ಕ ಕೆಲಸ, ಪೊಟ್ಟಣದಲ್ಲಿರುವುದು ಯಾವ ಬೀಜವೆಂದು ತಿಳಿಯುವುದು. ಅರಳಿನಂತೆ ಬೆಳ್ಳಗೆ ಉಬ್ಬಿ, ಬಾಯಲ್ಲಿ ಗರಿಗರಿಯೆನ್ನುವ ಮಖಾನವನ್ನು ಅಂಗಡಿಗಳಲ್ಲಿ ತಾವರೆಬೀಜವೆಂದೇ ಮಾರುವುದುಂಟಾದರೂ, ಅದು ಬಿಹಾರದ ಕೊಳಗಳಲ್ಲಿ ವಿಶೇಷವಾಗಿ ಬೆಳೆಯುವ, ಮುಳ್ಳೆಲೆಯ ಬೇರೊಂದು ಜಲಸಸ್ಯದ ಬೀಜ. ಮಿಥಿಲಾ ಮಖಾನಕ್ಕೆ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ನಿಜವಾದ ತಾವರೆಬೀಜವಾದರೋ ಹೂವಿನ ದಳಗಳುದುರಿದ ಮೇಲೆ ಉಳಿಯುವ ಕರ್ಣಿಕೆಯ ಕುಳಿಗಳಲ್ಲಿ ಬಲಿಯತಕ್ಕದ್ದು. ಕೆರೆಯ ಸಮೀಪದಲ್ಲಿ ಬಾಲ್ಯ ಕಳೆದವರಿಗೆ ಅದರ ಎಳೆಯ ಬೀಜದ ಸಿಹಿ ನೆನಪಿದ್ದೀತು. ಇವೆರಡರ ಹೊರತಾಗಿ ಗ್ರಂಥಿಗೆ ಅಂಗಡಿಗಳಲ್ಲಿ ಲಕ್ಷ್ಮೀಪೂಜೆಗೂ ಜಪಮಾಲೆಗೂ ಕೊಡುವ ಕಪ್ಪು ಕಮಲಾಕ್ಷಿ ಮಣಿಗಳುಂಟು. ಅವು ಆಹಾರಕ್ಕೆಂದು ಶೇಖರಿಸಿಟ್ಟವಲ್ಲವಾದ್ದರಿಂದ ಒಡೆದು ತಿನ್ನಲಾಗದು.

ಎರಡನೆಯದು ಮೊಳಕೆಯ ವಿಚಾರ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸಿಪ್ಪೆ ತೆಗೆದ ತಾವರೆಬೀಜವನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಎರಡು ಬೇಳೆಯಾಗಿ ಬಿಡಿಸಿದರೆ ನಡುವೆ ಹಸುರು ಮೊಳಕೆಯೊಂದು ಕಾಣಿಸುತ್ತದೆ. ಚೀನಾದಲ್ಲಿ ಕೆರೆಯ ಹೂಳಿನಿಂದ ತೆಗೆದ, ಸುಮಾರು 1,300 ವರ್ಷ ಹಳೆಯ ತಾವರೆಬೀಜವೊಂದು ಚಿಗುರೊಡೆದದ್ದುಂಟು. ಅಂಥ ಜೀವಶಕ್ತಿಯನ್ನು ಬಚ್ಚಿಟ್ಟುಕೊಂಡ ಈ ಮೊಳಕೆ ಅತ್ಯಂತ ಕಹಿ. ಆ ಕಹಿಯೊಳಗೆ ನೆಫೆರಿನ್, ಲಿಯೆನ್ಸಿನಿನ್ ಎಂಬ ಕ್ಷಾರಾಭ ದ್ರವ್ಯಗಳಿದ್ದು, ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಅವು ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ಇಳಿಸಿರುವುದೂ, ಹೃದಯದ ಬಡಿತದ ಮೇಲೆ ಪರಿಣಾಮ ಬೀರಿರುವುದೂ ಕಂಡುಬಂದಿದೆ. ಚೀನೀಯರು ನಿದ್ರೆ ಬಾರದವರಿಗೆ ಇದರ ಕಷಾಯವನ್ನು ಕೊಡುತ್ತ ಬಂದವರು. ಆದುದರಿಂದ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮೊದಲಾದ ಒತ್ತಡದ ಮಾತ್ರೆಗಳನ್ನಾಗಲಿ, ಬಡಿತದ ಲಯ ತಿದ್ದುವ ಔಷಧವನ್ನಾಗಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕ್ಲೊಪಿಡೋಗ್ರೆಲ್‌ಗಳನ್ನಾಗಲಿ, ನಿದ್ರೆಯ ಗುಳಿಗೆಯನ್ನಾಗಲಿ ಸೇವಿಸುವವರು ಮೊಳಕೆಯನ್ನು ತೆಗೆದುಹಾಕಿ ಬೇಳೆಯನ್ನಷ್ಟೇ ಬೇಯಿಸಿಕೊಳ್ಳುವುದು ಲೇಸು. ಮೊಳಕೆಯ ಕಷಾಯವನ್ನೂ, ಮೊಳಕೆಸಹಿತ ಅರೆದ ಚೂರ್ಣವನ್ನೂ ಅಂಥವರು ಮುಟ್ಟಬಾರದು.

ಇನ್ನು ಆಹಾರದ ಮಾತು. ಭಾವಪ್ರಕಾಶದಲ್ಲಿ ಪದ್ಮಬೀಜವನ್ನು ಶೀತ, ಕಷಾಯ, ಗುರು, ವಿಷ್ಟಂಭಿ ಎಂದು ವರ್ಣಿಸಿದೆ. ಎಂದರೆ ತಂಪು, ಒಗರು, ಜೀರ್ಣಕ್ಕೆ ಭಾರ, ಮಲವನ್ನು ಕಟ್ಟತಕ್ಕದ್ದು. ಭೇದಿಯಾದಾಗ ಉಪಕಾರ ಮಾಡುವ ಆ ಗುಣವೇ ಮಲಬದ್ಧತೆಯವರಿಗೆ ಅಪಕಾರವಾಗುತ್ತದೆ. ಅಡಿಕೆಯ ಸೀಮೆಯವರಾದ ನಮಗೆ ಒಗರೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ದಿನಕ್ಕೆ ನಾಲ್ಕು ಬಾರಿ ಕವಳ ಹಾಕಿ, ಮಧ್ಯೆ ಗಟ್ಟಿ ಚಹಾ ಕುಡಿದು, ಬಾಳೆಕಾಯಿಯ ಪಲ್ಯವನ್ನುಂಡು, ಅದರ ಮೇಲೆ ತಾವರೆಬೀಜವನ್ನೂ ತಿಂದರೆ ಒಗರಿನ ಮೇಲೆ ಒಗರು ಬಿದ್ದು ಹೊಟ್ಟೆ ಕಲ್ಲಾಗುವುದರಲ್ಲಿ ಆಶ್ಚರ್ಯವಿಲ್ಲ. ಹಲಸಿನ ಬೀಜದ ಹುಳಿಯನ್ನು ಉಂಡ ದಿನವೂ ಇದನ್ನು ಬಿಡುವುದೊಳಿತು. ಹಾಲಿನಲ್ಲಿ ಬೇಯಿಸಿದ ಪಾಯಸ ಆರೋಗ್ಯವಂತರಿಗೆ ವಿಷವೇನೂ ಅಲ್ಲ. ಜೀರ್ಣಶಕ್ತಿ ಕುಂದಿದವರು ಮಾತ್ರ ತೆಳುವಾದ ಗಂಜಿಯಾಗಿ, ಶುಂಠಿ ಜೀರಿಗೆಗಳೊಡನೆ, ಹಗಲು ಹೊತ್ತಿನಲ್ಲಿ ಸೇವಿಸಲಿ. ಉಪ್ಪು ಹಚ್ಚಿ ಹುರಿದ ಮಖಾನ ಒತ್ತಡವಿರುವವರಿಗೆ ಸಲ್ಲದು.

ಮಲ ಕಟ್ಟುವ ಔಷಧಗಳೂ ಉಂಟೆಂಬುದನ್ನು ಇಲ್ಲಿಯೇ ನೆನೆಯಬೇಕು: ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಔಷಧ, ನೋವಿಗೆ ಕೊಡುವ ಟ್ರಮಡಾಲ್. ಇವುಗಳನ್ನು ಸೇವಿಸುವ ಕಾಲದಲ್ಲಿ ಬೀಜವನ್ನು ಮಿತಗೊಳಿಸಿ ನೀರನ್ನೂ ಸೊಪ್ಪನ್ನೂ ಹೆಚ್ಚಿಸಬೇಕು.

ಮೂತ್ರಪಿಂಡದ ರೋಗಿಗಳಿಗೆ ಬೇರೆಯದೇ ಎಚ್ಚರಿಕೆ ಬೇಕು. 100 ಗ್ರಾಂ ಒಣ ತಾವರೆಬೀಜದಲ್ಲಿ ಸುಮಾರು 1,370 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ಗಳು ಅದೇ ಲವಣವನ್ನು ದೇಹದಲ್ಲಿ ತಡೆದಿಡುವ ಔಷಧಗಳಾದ್ದರಿಂದ, ಮೂತ್ರಪಿಂಡ ದುರ್ಬಲವಾದವರಲ್ಲಿ ಎರಡೂ ಕೂಡಿದರೆ ಹೃದಯಕ್ಕೇ ಅಪಾಯ ಬರಬಹುದು. ರಕ್ತಪರೀಕ್ಷೆ ನೋಡಿದ ವೈದ್ಯರ ಅನುಮತಿಯಿಲ್ಲದೆ ಇಂಥವರು ಒಂದು ಹಿಡಿಯನ್ನೂ ತಿನ್ನಲಾಗದು. ಮಧುಮೇಹಿಗಳು, ಆ 100 ಗ್ರಾಮಿನಲ್ಲಿ ಸುಮಾರು 64 ಗ್ರಾಂ ಶರ್ಕರಪಿಷ್ಟವೂ ಇರುವುದರಿಂದ, ಇದನ್ನು ಅನ್ನ ಮುದ್ದೆಗಳ ಲೆಕ್ಕದಲ್ಲಿಯೇ ಸೇರಿಸಿ ಅಷ್ಟು ಅನ್ನವನ್ನು ಕಡಮೆ ಮಾಡತಕ್ಕದ್ದು. ಬೀಜ ತಿಂದೆವೆಂದು ಮಾತ್ರೆಯನ್ನು ಬಿಡಲೇಬಾರದು.

ಹೊಸದಾಗಿ ತಿನ್ನತೊಡಗುವವರು ಮೊದಲ ವಾರ ಹತ್ತು ಹದಿನೈದು ಬೀಜಗಳನ್ನು ಮೀರದಿರಲಿ. ಥೈರಾಯ್ಡ್ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ತರುವಾಯವೇ ಬೇರೆಲ್ಲ ಆಹಾರದಂತೆ ಇದನ್ನೂ ತೆಗೆದುಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿದ್ದರೆ ಮೊಳಕೆಯ ಕಷಾಯ, ಚೂರ್ಣಗಳನ್ನು ಎರಡು ವಾರ ಮೊದಲೇ ನಿಲ್ಲಿಸಿ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಎದೆ ಏರುಪೇರಾಗಿ ಬಡಿದುಕೊಂಡರೆ, ವಸಡಿನಲ್ಲಿ ರಕ್ತ ಒಸರಿದರೆ, ಮನೆಮದ್ದಿನ ಯೋಚನೆಯನ್ನು ಬಿಟ್ಟು, ಮಾತ್ರೆಯ ಡಬ್ಬಿಯನ್ನೂ ಬೀಜದ ಪೊಟ್ಟಣವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ನಮ್ಮೂರಿನ ಮೆಗ್ಗಾನ್ ಆಸ್ಪತ್ರೆಗೋ, ಭದ್ರಾವತಿಯವರಾದರೆ ಅಲ್ಲಿಯ ಸರಕಾರಿ ಆಸ್ಪತ್ರೆಗೋ ತಡಮಾಡದೆ ಹೋಗಿ, ಎರಡನ್ನೂ ವೈದ್ಯರ ಮುಂದೆ ಇಡಿ.