ಮೂರು ಬಾಗಿಲುಗಳ ತರಗತಿ

ಕಲಿಯಬೇಕೆಂಬ ಹಂಬಲವಿರುವ ಎಲ್ಲರಿಗೂ ಗೊತ್ತಾದ ವೇಳೆಗೆ ತರಗತಿಗೆ ಬಂದು ಕುಳಿತುಕೊಳ್ಳುವ ಅನುಕೂಲವಿರುವುದಿಲ್ಲ. ಹಗಲೆಲ್ಲ ದುಡಿಯುವವರು, ಎಳೆಯ ಮಕ್ಕಳ ತಾಯಂದಿರು, ದೂರದ ಊರಿನವರು ಎಷ್ಟೋ ವೇಳೆ ವಿದ್ಯೆಯಿಂದ ವಂಚಿತರಾಗುತ್ತಾರೆ. ಇಂಥವರನ್ನು ಕೈಬಿಡದಂತೆ ಪಾಠವನ್ನು ಏರ್ಪಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 2006ರ ಸುಮಾರಿಗೆ ಒಂದು ಬೋಧನಕ್ರಮ ರೂಪುಗೊಂಡಿತು. ಅದರ ರೂವಾರಿ ಬ್ರಯನ್ ಬೀಟಿ ಎಂಬ ಪ್ರಾಧ್ಯಾಪಕರು. ಅದಕ್ಕೆ 'ಹೈಫ್ಲೆಕ್ಸ್' ಎಂದು ಹೆಸರು.

ಮಿಶ್ರ ಬೋಧನೆಯಲ್ಲಿಯೂ ಕೆಲವು ಪಾಠಗಳು ತರಗತಿಯಲ್ಲಿ, ಕೆಲವು ಅಂತರಜಾಲದ ಮೂಲಕ ನಡೆಯುತ್ತವೆ. ಆದರೆ ಯಾವ ಪಾಠ ಎಲ್ಲಿ ಎಂಬುದನ್ನು ಅಲ್ಲಿ ಅಧ್ಯಾಪಕರೇ ಗೊತ್ತುಮಾಡುತ್ತಾರೆ. ಹೈಫ್ಲೆಕ್ಸ್ ಕ್ರಮದಲ್ಲಿ ಆ ಆಯ್ಕೆ ವಿದ್ಯಾರ್ಥಿಯದು. ಅವನು ತರಗತಿಗೆ ಬರಬಹುದು. ಅದೇ ಹೊತ್ತಿನಲ್ಲಿ ಮನೆಯಿಂದಲೇ ಗಣಕಯಂತ್ರದ ಮೂಲಕ ಭಾಗವಹಿಸಬಹುದು. ಇಲ್ಲವೆ ಬಿಡುವಾದಾಗ ಧ್ವನಿಚಿತ್ರಗಳನ್ನೂ ಟಿಪ್ಪಣಿಗಳನ್ನೂ ನೋಡಿ ಕಲಿಯಬಹುದು. ಈ ವಾರ ಒಂದು ಬಾಗಿಲಿನಿಂದ ಬಂದವನು ಮುಂದಿನ ವಾರ ಮತ್ತೊಂದರಿಂದ ಬಂದರೂ ಅಡ್ಡಿಯಿಲ್ಲ.

ಈ ಕ್ರಮಕ್ಕೆ ನಾಲ್ಕು ತತ್ತ್ವಗಳ ತಳಹದಿಯುಂಟು. ಮೊದಲನೆಯದು ಕಲಿಯುವವನ ಆಯ್ಕೆ. ಎರಡನೆಯದು ಸಮಾನತೆ, ಯಾವ ಬಾಗಿಲಿನಿಂದ ಬಂದರೂ ದೊರೆಯುವ ವಿದ್ಯೆಯ ಮೌಲ್ಯ ಒಂದೇ ಆಗಿರಬೇಕು. ಸಮಾನತೆಯೆಂದರೆ ಎಲ್ಲರಿಗೂ ಒಂದೇ ಕೆಲಸವೆಂದಲ್ಲ. ತರಗತಿಯಲ್ಲಿರುವವರು ಒಂದು ವಿಷಯವನ್ನು ಮಾತಿನಲ್ಲಿ ಚರ್ಚಿಸಿದರೆ, ಬಿಡುವಿನಲ್ಲಿ ಕಲಿಯುವವನು ತನ್ನ ಅಭಿಪ್ರಾಯವನ್ನು ಬರೆದು, ಇತರರ ಬರೆಹಕ್ಕೆ ಮರುನುಡಿಯುತ್ತಾನೆ. ದಾರಿ ಬೇರೆ, ಗುರಿ ಒಂದೇ. ಮೂರನೆಯದು ಮರುಬಳಕೆ, ತರಗತಿಯ ಚರ್ಚೆಯ ಟಿಪ್ಪಣಿ ದೂರದವನಿಗೂ, ದೂರದವನ ಬರೆಹ ತರಗತಿಯವರಿಗೂ ಪಾಠವಾಗುತ್ತದೆ. ನಾಲ್ಕನೆಯದು ಸುಲಭ ಲಭ್ಯತೆ. ಸಲಕರಣೆಯಾಗಲಿ, ಅದನ್ನು ಬಳಸುವ ತಿಳಿವಳಿಕೆಯಾಗಲಿ ಇಲ್ಲದವನಿಗೆ ಆಯ್ಕೆಯೆಂಬುದು ಬರಿಯ ಮಾತು. ಕಿವಿ ಕೇಳದವನಿಗಾಗಿ ಧ್ವನಿಚಿತ್ರದ ಕೆಳಗೆ ಮಾತುಗಳನ್ನು ಅಕ್ಷರದಲ್ಲಿ ಮೂಡಿಸುವುದೂ ಈ ತತ್ತ್ವಕ್ಕೆ ಸೇರಿದ್ದು.

2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಅನೇಕ ಕಾಲೇಜುಗಳು ಈ ಕ್ರಮದತ್ತ ತಿರುಗಿದವು. ಆದರೆ ಕೊಠಡಿಯಲ್ಲಿ ಒಂದು ಕ್ಯಾಮರಾ ನಿಲ್ಲಿಸಿದ ಮಾತ್ರಕ್ಕೆ ಮೂರು ಬಾಗಿಲುಗಳು ತೆರೆಯುವುದಿಲ್ಲ. ಎದುರಿಗಿರುವವರ ಮುಖವನ್ನೂ ತೆರೆಯ ಮೇಲಿನವರ ಪ್ರಶ್ನೆಯನ್ನೂ ಅಧ್ಯಾಪಕರು ಏಕಕಾಲದಲ್ಲಿ ಗಮನಿಸಬೇಕು. ಒಂದೇ ಪಾಠಕ್ಕೆ ಹಲವು ಬಗೆಯ ಸಿದ್ಧತೆ ಬೇಕು. ಈ ಶ್ರಮಕ್ಕೆ ಸಂಸ್ಥೆಯ ನೆರವು ದೊರೆಯದಿದ್ದರೆ ದೂರದಲ್ಲಿರುವವನು ಕೇವಲ ಪ್ರೇಕ್ಷಕನಾಗಿ ಉಳಿಯುತ್ತಾನೆ.

ವಿದ್ಯಾರ್ಥಿಯ ಹೊಣೆಯೂ ಕಡಿಮೆಯದಲ್ಲ. ಬಿಡುವಾದಾಗ ಕಲಿಯಬಹುದೆಂಬ ಸ್ವಾತಂತ್ರ್ಯ, ನಾಳೆ ಕಲಿತರಾಯಿತೆಂಬ ಆಲಸ್ಯಕ್ಕೆ ಎಡೆಗೊಡಬಾರದು. ಬಾಗಿಲನ್ನು ತೆರೆದಿಡುವುದು ಗುರುವಿನ ಕೆಲಸ. ಒಳಗೆ ಬರುವುದು ಶಿಷ್ಯನ ಕೆಲಸ.