ಪೋಷಕ ಕಾಯುತ್ತಾನೆ, ಆದರೆ ಬಹಳ ಹೊತ್ತಲ್ಲ

ಶನಿವಾರ ಸ್ನೇಹಿತೆಯರೆಲ್ಲ ಬಂದು ಕೂತ ಮೇಲೆ ನಿಯಮದ ಪುಸ್ತಕ ಬಿಚ್ಚಬೇಡಮ್ಮಾ. ನೀನು ‘ಲೂಥಿಯರ್’ ಆಟದ ಡಬ್ಬಿ ಕೊಂಡ ವಿಷಯ ನಿಮ್ಮಮ್ಮ ಹೇಳಿದಳು. ಖುಷಿಯಾಯಿತು, ಜೊತೆಗೆ ಸ್ವಲ್ಪ ಗಾಬರಿಯೂ ಆಯಿತು. ಅದು ಹಾವು ಏಣಿಯ ಜಾತಿಯದಲ್ಲ. ಶುಕ್ರವಾರ ರಾತ್ರಿಯೇ ಹಲಗೆ ಹಾಸಿಕೊಂಡು, ಇಬ್ಬರ ಪಾಲಿನ ಆಟವನ್ನೂ ನೀನೊಬ್ಬಳೇ ಒಂದೆರಡು ಸುತ್ತು ಆಡಿ ನೋಡು. ಯಾವ ಚಿತ್ರಕ್ಕೆ ಏನರ್ಥ ಎನ್ನುವುದು ಕೈಗೆ ಹತ್ತಿದರೆ ಮಾರನೆಯ ದಿನ ಬಾಯಲ್ಲೇ ಹೇಳಿಕೊಡಬಹುದು. ಪುಸ್ತಕ ಹಿಡಿದು ಓದಿಹೇಳುವವರ ಮನೆಯಲ್ಲಿ ಕಾಫಿ ಆರುತ್ತದೆ, ಆಟ ಶುರುವಾಗುವುದಿಲ್ಲ.

ಡೇವ್ ಬೆಕ್ ಮತ್ತು ಏಬ್ ಬರ್ಸನ್ ಹೆಣೆದ ಆಟ ಅದು. ಹಳೆಯ ಯುರೋಪಿನಲ್ಲಿ ವಾದ್ಯ ಮಾಡುವ ಒಂದು ಅಂಗಡಿಗೆ ನೀನು ಯಜಮಾನಿ. ವಾದ್ಯ ಮಾಡಬೇಕು, ಮುರಿದದ್ದನ್ನು ರಿಪೇರಿ ಮಾಡಬೇಕು, ಕಛೇರಿಯೂ ನಡೆಸಬೇಕು. ಈ ಮೂರನ್ನೂ ಕೇಳಿಕೊಂಡು ಬರುವವರು ಪೋಷಕರು. ಕೆಲಸದವರ ಬಿಲ್ಲೆಗಳಿಗೆ ಒಂದೊಂದಕ್ಕೂ ಒಂದೊಂದು ಶಕ್ತಿ. ಅವನ್ನು ಬೋರಲಾಗಿ ಇಡುತ್ತೀರಿ, ಆಮೇಲೆ ತಿರುಗಿಸುತ್ತೀರಿ. ದೊಡ್ಡ ಅಂಕಿಯವರಿಗೆ ಮೊದಲ ಆಯ್ಕೆ.

ಇಲ್ಲಿಯೇ ಹೊಸಬರು ಬೀಳುವುದು. ಎಲ್ಲರ ಕಣ್ಣಿರುವ ಜಾಗಕ್ಕೇ ತನ್ನ ದೊಡ್ಡ ಬಿಲ್ಲೆ ಇಡುವ ಆಸೆ. ಎದುರಿಗೆ ಕೂತವಳಿಗೂ ಅದೇ ಆಸೆ ಇರುತ್ತದಲ್ಲ? ಬಿಲ್ಲೆ ಬೋರಲಾಗಿದ್ದರೇನು, ಅವಳ ಪೋಷಕ ಏನು ಕೇಳುತ್ತಿದ್ದಾನೆ ಎನ್ನುವುದು ಮೇಜಿನ ಮೇಲೆ ತೆರೆದೇ ಇದೆ. ಅವಳ ಮುಖ ಓದುವ ಬದಲು ಆ ಪೋಷಕನ ಕಾರ್ಡು ಓದು. ಅವಳು ಈ ಸುತ್ತಿನಲ್ಲಿ ಏನು ಬಿಟ್ಟುಕೊಡಲಾರಳು ಎಂದು ಗೊತ್ತಾದರೆ, ಅಲ್ಲಿ ಜಗಳಕ್ಕೆ ಹೋಗದೆ ಬೇರೆ ಕಡೆ ಸಣ್ಣ ಬಿಲ್ಲೆಯಲ್ಲೇ ಕೆಲಸ ಮುಗಿಸಬಹುದು.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಪೋಷಕರ ವಿಷಯ. ಬಂದವರನ್ನೆಲ್ಲ ಒಪ್ಪಿಕೊಳ್ಳಬೇಡ. ಪೋಷಕ ಬಾಗಿಲಲ್ಲಿ ಕಾಯುವಷ್ಟು ದಿನ ನಿನಗೆ ಏನಾದರೂ ಕೊಡುತ್ತಿರುತ್ತಾನೆ, ಅದನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ ಎಂದು ಕೈ ಚಾಚುವುದು ಸುಲಭ. ಆದರೆ ಅವನ ತಾಳ್ಮೆಗೂ ಲೆಕ್ಕವಿದೆ. ಕೇಳಿದ್ದು ಸಿಗದಿದ್ದರೆ ಎದ್ದು ಹೋಗುತ್ತಾನೆ, ಅವನಿಗಾಗಿ ಮಾಡಿದ ಖರ್ಚು ನಿನ್ನ ತಲೆಗೆ. ಇಬ್ಬರನ್ನು ಹಿಡಿದು ಇಬ್ಬರನ್ನೂ ತೃಪ್ತಿಪಡಿಸಿದವಳು, ನಾಲ್ವರನ್ನು ಹಿಡಿದು ಮೂವರನ್ನು ಕಳೆದುಕೊಂಡವಳಿಗಿಂತ ಯಾವಾಗಲೂ ಮುಂದಿರುತ್ತಾಳೆ.

ಆಟಕ್ಕೆಂದು ಹುಟ್ಟಿಸಿದ ಸಂಗತಿಯಲ್ಲ ಇದು. ಇಟಲಿಯ ಕ್ರೆಮೋನಾ ಊರು ಪಿಟೀಲಿಗೆ ಹೆಸರಾದದ್ದೇ ಪೋಷಕರಿಂದ. 1560ರ ದಶಕದಲ್ಲಿ ಆ ಊರಿನ ಅಂದ್ರೇಯಾ ಅಮಾಟಿ ಫ್ರಾನ್ಸಿನ ದೊರೆ ಒಂಬತ್ತನೆಯ ಚಾರ್ಲ್ಸನ ಆಸ್ಥಾನಕ್ಕೆ ವಾದ್ಯಗಳನ್ನು ಮಾಡಿಕೊಟ್ಟ, ಅವುಗಳ ಬೆನ್ನಿನ ಮೇಲೆ ರಾಜಲಾಂಛನ ಬರೆಸಲಾಗಿತ್ತು. ಅವುಗಳಲ್ಲಿ ಕೆಲವು ಇಂದಿಗೂ ಉಳಿದಿವೆ. ಅದೇ ಊರಿನ ಸ್ಟ್ರಾಡಿವರಿ 1690ರಲ್ಲಿ ಫ್ಲಾರೆನ್ಸಿನ ರಾಜಕುಮಾರ ಫರ್ಡಿನಾಂಡೊ ಮೆಡಿಚಿಗೆ ಐದು ವಾದ್ಯಗಳ ಒಂದು ಮೇಳವನ್ನೇ ಕೊಟ್ಟ. ತೊಂಬತ್ತು ದಾಟುವವರೆಗೆ ಬದುಕಿದ ಮನುಷ್ಯ, ಕೈಯಿಂದ ಸಾವಿರಕ್ಕೂ ಹೆಚ್ಚು ವಾದ್ಯ ಹೊರಬಂದವು. ಆದರೂ ಕೇಳಿದ್ದನ್ನು ಕೇಳಿದವರಿಗೆ ಮುಟ್ಟಿಸುವುದೇ ಅವನ ಮೊದಲ ಕೆಲಸವಾಗಿತ್ತು.

ಆಟದಲ್ಲಿ ಕೆಲಸ ಕಲಿಯುವ ಹುಡುಗರ ಮೇಲೆ ಖರ್ಚು ಮಾಡುವುದಕ್ಕೂ ಹಿಂಜರಿಯಬೇಡ. 1630ರ ಪ್ಲೇಗಿನಲ್ಲಿ ನಿಕೊಲೊ ಅಮಾಟಿ ತಂದೆಯನ್ನು ಕಳೆದುಕೊಂಡ. ಅಮಾಟಿ ಮನೆತನದಲ್ಲಿ ಆ ವಿದ್ಯೆ ಬಲ್ಲವನು ಅವನೊಬ್ಬನೇ ಉಳಿದ. ಅಲ್ಲಿಯವರೆಗೆ ವಿದ್ಯೆ ಮನೆಯೊಳಗೇ ಇತ್ತು, ಅವನು ಹೊರಗಿನ ಹುಡುಗರಿಗೂ ಬಾಗಿಲು ತೆಗೆದ. 1641ರ ಹೊತ್ತಿಗೆ ಅವನ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಅಂದ್ರೇಯಾ ಗ್ವಾರ್ನೇರಿಯ ಮೊಮ್ಮಗನೇ ಮುಂದೆ ಸ್ಟ್ರಾಡಿವರಿಗೆ ಸರಿಸಾಟಿ ಎನಿಸಿಕೊಂಡ ‘ಡೆಲ್ ಜೇಸು’.

ಸಾಮಗ್ರಿ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮುಂದಿನ ಸುತ್ತಿಗೆ ಬೇಕಾದಷ್ಟೇ ತಗೊ, ಮದುವೆ ಮನೆಯ ಉಗ್ರಾಣ ತುಂಬಿಸುವ ಹಾಗೆ ತುಂಬಿಸಬೇಡ. ಒಂದು ಮಾತು ಮಾತ್ರ ನಿನ್ನ ಸ್ನೇಹಿತೆಯರಿಗೂ ಹೇಳು. ಆ ಪುಟ್ಟ ಮರದ ತುಂಡುಗಳ ಹಿಂದೆ ನಿಜವಾದ ಕಾಡಿದೆ. ಪಿಟೀಲಿನ ಮುಂಭಾಗಕ್ಕೆ ಆಲ್ಪ್ಸ್ ತಪ್ಪಲಿನ ಸ್ಪ್ರೂಸ್ ಮರ ಬೇಕು. ಇಟಲಿಯ ಫಿಯೆಮ್ಮೆ ಕಣಿವೆಯಲ್ಲಿ ಪಿಟೀಲಿನ ಕಾಡು ಎಂದೇ ಕರೆಸಿಕೊಳ್ಳುವ ಕಾಡು ಈಗಲೂ ಇದೆ. ಬೆನ್ನಿಗೂ ಪಕ್ಕಗಳಿಗೂ ಮೇಪಲ್. ತಂತಿ ಎಂದರೆ ಆಗ ಕುರಿಯ ಕರುಳು. ನಿಮ್ಮ ಗುಂಪಿನಲ್ಲಿ ಒಬ್ಬಳು ಸಸ್ಯಾಹಾರದ ಶಪಥ ಮಾಡಿದವಳಿದ್ದಾಳಲ್ಲ, ಅವಳಿಗೆ ಇದನ್ನು ಆಟ ಮುಗಿದ ಮೇಲೆ ಹೇಳು.

ಇನ್ನು ರಿಪೇರಿ. ಎಲ್ಲರೂ ಕಡೆಗಣಿಸುವ ಕೆಲಸ ಇದು. ಹೊಸ ವಾದ್ಯ ಮಾಡಿ ವಾದ್ಯಮೇಳದಲ್ಲಿ ಮೊದಲ ಕುರ್ಚಿ ಹಿಡಿಯುವುದರಲ್ಲಿ ಇರುವ ಗತ್ತು ಬಿರುಕು ಮುಚ್ಚುವುದರಲ್ಲಿ ಎಲ್ಲಿಂದ ಬರಬೇಕು? ಆದರೆ ಬೇರೆಯವರು ದೊಡ್ಡ ವಾದ್ಯಗಳ ಹಿಂದೆ ಬಿದ್ದಿರುವಾಗ ರಿಪೇರಿ ಜಾಗದಲ್ಲಿ ನೂಕುನುಗ್ಗಲು ಕಡಿಮೆ. ಪೋಷಕನೊಬ್ಬನನ್ನು ಹೊತ್ತಿಗೆ ಸರಿಯಾಗಿ ಸಮಾಧಾನ ಮಾಡುವ ದಾರಿ ಎಷ್ಟೋ ಸಲ ಅದೇ. ನಿಜ ಜಗತ್ತಿನಲ್ಲಂತೂ ರಿಪೇರಿಯವರಿಲ್ಲದಿದ್ದರೆ ಸ್ಟ್ರಾಡಿವರಿಯ ಹೆಸರು ಪುಸ್ತಕದಲ್ಲಿ ಮಾತ್ರ ಇರುತ್ತಿತ್ತು. ಇಂದು ವೇದಿಕೆಯಲ್ಲಿ ಕೇಳುವ ಅವನ ವಾದ್ಯಗಳು ಬಹುಪಾಲು ಅವನು ಕೊಟ್ಟ ರೂಪದಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಭಾಂಗಣಗಳು ದೊಡ್ಡವಾದವು, ದನಿ ದೂರ ಹೋಗಬೇಕಾಯಿತು. ಆಗ ಪಿಟೀಲಿನ ಕುತ್ತಿಗೆ ತೆಗೆದು ಉದ್ದನೆಯದನ್ನು ಹಿಂದಕ್ಕೆ ಬಾಗಿಸಿ ಕೂರಿಸಿದರು. ಒಳಗಿನ ಆಸರೆಪಟ್ಟಿಯನ್ನೂ ಗಟ್ಟಿ ಮಾಡಿದರು. ಮೆಡಿಚಿಗೆ ಮಾಡಿಕೊಟ್ಟ ಐದರಲ್ಲಿ ಒಂದು ದೊಡ್ಡ ವಿಯೋಲಾ ಮಾತ್ರ ಮೂಲ ರೂಪದಲ್ಲೇ ಫ್ಲಾರೆನ್ಸಿನ ಸಂಗ್ರಹಾಲಯದಲ್ಲಿದೆ. ನೋಡಲು ಸಿಗುತ್ತದೆ, ಕಛೇರಿಗಲ್ಲ.

ನಮ್ಮ ಮೈಸೂರಿನಲ್ಲೂ ಇದೇ ಚಿಂತೆ ಒಬ್ಬರನ್ನು ಕಾಡಿತ್ತು. ಸಭೆಯ ಹಿಂದಿನ ಸಾಲಿಗೂ ದನಿ ಮುಟ್ಟಬೇಕೆಂದು ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಬೆಂಗಳೂರಿನ ವೈಯಾಲಿಕಾವಲಿನಲ್ಲಿರುವ ಪಿಟೀಲಿನ ಆಕಾರದ ಚೌಡಯ್ಯ ಭವನದ ಮುಂದೆ ಎಷ್ಟೋ ಸಲ ಹಾದುಹೋಗಿದ್ದೀಯ. ಅದು ಅವರ ನೆನಪಿಗೆ ಕಟ್ಟಿದ್ದು. ವಾದ್ಯ ಮಾಡಿದವನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ, ಆಮೇಲೆ ಬಂದವರು ಅದನ್ನು ತಿದ್ದುತ್ತಲೇ ಇರುತ್ತಾರೆ.

ಕಛೇರಿಯ ಜಾಗವನ್ನೂ ಮರೆಯಬೇಡ. ಡೆಲ್ ಜೇಸು 1743ರಲ್ಲಿ ಮಾಡಿದ ಒಂದು ಪಿಟೀಲು ಮುಂದೆ ಪಿಟೀಲು ವಾದಕ ಪಗನೀನಿಯ ಕೈಸೇರಿತು. ಅದರ ಅಬ್ಬರಕ್ಕೆ ಅದನ್ನು ಫಿರಂಗಿ ಎಂದೇ ಕರೆದರು. ಪಗನೀನಿ ನುಡಿಸಿದ ಮೇಲೆಯೇ ಆ ಕುಶಲಕರ್ಮಿಯ ಕೈಕೆಲಸಕ್ಕೆ ದೊಡ್ಡ ಬೆಲೆ ಬಂದದ್ದು. ಅಷ್ಟು ಹೊತ್ತಿಗೆ ಮಾಡಿದವನು ಸತ್ತು ದಶಕಗಳೇ ಕಳೆದಿದ್ದವು. ನಿನಗೆ ಅಷ್ಟು ಕಾಲವಿಲ್ಲ, ಆಟ ಕೆಲವೇ ಸುತ್ತುಗಳದು. ಆದ್ದರಿಂದ ಕಛೇರಿಯನ್ನು ಕೊನೆಯ ಸುತ್ತಿಗೆಂದು ಮುಂದೂಡಬೇಡ.

ಗೆಳತಿಯರಲ್ಲಿ ಒಬ್ಬಳಾದರೂ ಲೆಕ್ಕ ಹಾಕುತ್ತಾ ಕೂತು ಎಲ್ಲರನ್ನೂ ಕಾಯಿಸುತ್ತಾಳೆ. ಅವಳ ಮೇಲೆ ರೇಗಬೇಡ, ಕಷ್ಟದ ಆಟ ತಂದವಳು ನೀನೇ. ಮೊದಲ ಸಲ ಮೂವರೇ ಸಾಕು. ನಾಲ್ವರಾದರೆ ರಾತ್ರಿ ಊಟ ಹತ್ತು ಗಂಟೆಗೆ ಹೋಗುತ್ತದೆ, ನಿಮ್ಮಮ್ಮ ಬೈಯುವುದು ನನ್ನನ್ನು. ಎರಡನೆಯ ಸಲಕ್ಕೆ ನಾಲ್ಕನೆಯವರು ಬೇಕಾದರೆ ಫೋನ್ ಮಾಡು, ಬರುತ್ತೇನೆ. ರಿಪೇರಿ ಜಾಗ ಮಾತ್ರ ನನಗೆ ಬಿಟ್ಟುಕೊಡಬೇಕು.